ಇಲಿಯ ಕಣಜದ ಒಂದು ಬೊಗಸೆ

ನಾನು ಏನನ್ನೂ ಬಿಸಾಡದ ಮನುಷ್ಯ. ಪಾರ್ಸೆಲ್ಲಿಗೆ ಸುತ್ತಿ ಬಂದ ಹುರಿ, ಬೆನ್ನು ಖಾಲಿಯಿರುವ ಮದುವೆ ಕರೆಯೋಲೆ, ಮುರಿದ ಕೊಡೆಯ ಕಡ್ಡಿ, ಮುಚ್ಚಳ ಕಳೆದುಕೊಂಡ ಡಬ್ಬ, ಡಬ್ಬ ಕಳೆದುಕೊಂಡ ಮುಚ್ಚಳ, ಇವೆಲ್ಲವೂ ಕಡೂರಿನ ನಮ್ಮ ಮನೆಯ ಅಟ್ಟದ ಮೇಲೆ ಭದ್ರವಾಗಿವೆ. ಆ ಡಬ್ಬ ಮತ್ತು ಆ ಮುಚ್ಚಳ ಒಂದಕ್ಕೊಂದು ಕೂಡುವುದಿಲ್ಲ ಎಂಬುದನ್ನು ನಾನು ಪರೀಕ್ಷಿಸಿ ನೋಡಿಯೇ ಎರಡನ್ನೂ ಇಟ್ಟುಕೊಂಡಿದ್ದೇನೆ. ನನ್ನ ಹೆಂಡತಿ ಶಾರದೆ ಅಟ್ಟದ ಕಡೆ ಕತ್ತೆತ್ತಿ, "ಹಿಂದಿನ ಜನ್ಮದಲ್ಲಿ ನೀವು ಇಲಿಯಾಗಿದ್ರಿ ಕಣ್ರೀ" ಎನ್ನುತ್ತಾಳೆ. ಮದುವೆಯಾದ ಹೊಸತರಲ್ಲಿ ಇದನ್ನು ಬೈಗುಳವೆಂದು ತಿಳಿದು ನೊಂದುಕೊಳ್ಳುತ್ತಿದ್ದೆ. ಈಗ ಪ್ರಶಸ್ತಿಯೆಂದು ಸ್ವೀಕರಿಸುತ್ತೇನೆ. ಆದರೆ ಅದಕ್ಕೆ ನಾನು ಅರ್ಹನಲ್ಲ ಎಂದು ಒಳಗೊಳಗೇ ಗೊತ್ತು. ಇಲಿಯಷ್ಟು ಚೆನ್ನಾಗಿ ಕೂಡಿಡುವುದು ನನ್ನಿಂದ ಆಗುವ ಕೆಲಸವಲ್ಲ. ಅದನ್ನು ನನಗೆ ಮನದಟ್ಟು ಮಾಡಿಸಿದ್ದು ಒಂದು ಇಲಿಯೇ. ಆಗ ನನ್ನ ಮೇಲಿದ್ದ ಸಾಹೇಬರು ಈಗ ನಿವೃತ್ತರು, ನಾನೂ ನಿವೃತ್ತ, ಇಲಿಯಂತೂ ಎಂದೋ ತೀರಿಕೊಂಡಿರಬೇಕು. ಆದ್ದರಿಂದ ಆ ಸಂಗತಿಯನ್ನು ಈಗ ಬಾಯಿಬಿಡಬಹುದು.

ಎಪ್ಪತ್ತರ ದಶಕದಲ್ಲಿ ನಾನು ಗ್ರಾಮಸೇವಕನಾಗಿದ್ದೆ. ಸರ್ಕಾರಕ್ಕೆ ಹೊಸದಾಗಿ ಏನು ಹೊಳೆದರೂ ಅದು ನನ್ನ ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂತು ಹಳ್ಳಿಗೆ ಹೋಗಬೇಕಾಗಿತ್ತು. ಗೊಬ್ಬರದ ಮೂಟೆ ಹೋಯಿತು, ಹೊಗೆ ಬಾರದ ಒಲೆ ಹೋಯಿತು, ಒಮ್ಮೆ ಬುಟ್ಟಿಯೊಳಗೆ ಕೂತು ಸೀಮೆಕೋಳಿ ಹುಂಜವೊಂದು ಹೋಯಿತು. ಅದು ದಾರಿಯುದ್ದಕ್ಕೂ ಕೂಗಿ ನನ್ನ ಮರ್ಯಾದೆ ಕಳೆಯಿತು. ಅಜ್ಜಂಪುರದ ಎರೆಭೂಮಿಯಲ್ಲಿ ಹುಟ್ಟಿ, ಸಖರಾಯಪಟ್ಟಣದ ಸುತ್ತಮುತ್ತ ಕೆಲಸ ಕಲಿತು, ಲಿಂಗದಹಳ್ಳಿಯ ಕಡೆಗೆ ವರ್ಗವಾಗಿ ಬಂದಾಗ ನನಗೆ ನಲವತ್ತು ದಾಟಿತ್ತು. ನಲವತ್ತು ದಾಟಿದ ಮನುಷ್ಯನಿಗೆ ತನಗೆ ಗೊತ್ತಿಲ್ಲದ್ದು ಏನೂ ಇಲ್ಲವೆಂಬ ಭಾವನೆ ಇರುತ್ತದೆ. ನನಗೆ ಅದರ ಜೊತೆಗೆ ಸರ್ಕಾರದ ಕೈಪಿಡಿಯೂ ಇತ್ತು.

ಆ ವರ್ಷ ನಮಗೆ ಬಂದ ಆಜ್ಞೆ, ಇಲಿಗಳನ್ನು ನಿರ್ಮೂಲ ಮಾಡಬೇಕು ಎಂಬುದು. ಗಡುವು ಒಂದು ವಾರ. ಸೃಷ್ಟಿಯ ಆದಿಯಿಂದ ಮನುಷ್ಯನಿಗೆ ಆಗದೆ ಉಳಿದಿದ್ದ ಈ ಕಾರ್ಯವನ್ನು ಸೋಮವಾರ ಶುರುಮಾಡಿ ಶನಿವಾರ ಮುಗಿಸಿ, ಭಾನುವಾರ ವರದಿ ಬರೆಯತಕ್ಕದ್ದು. ಸಾಕ್ಷಿಗೆ ಸತ್ತ ಇಲಿಗಳ ಬಾಲಗಳನ್ನು ಕತ್ತರಿಸಿ ಕಚೇರಿಗೆ ಒಪ್ಪಿಸತಕ್ಕದ್ದು. ಗಣೇಶನ ಹಬ್ಬ ಮುಗಿದು ಹದಿನೈದು ದಿನವಾಗಿತ್ತಷ್ಟೆ. ಮೊನ್ನೆ ತಾನೇ ಒಡೆಯನ ಜೊತೆ ಮಂಗಳಾರತಿ ಬೆಳಗಿಸಿಕೊಂಡಿದ್ದ ವಾಹನದ ಮೇಲೆ ಈ ಪಕ್ಷದಲ್ಲಿ ಯುದ್ಧ ಸಾರುವುದು ನನಗೂ ಸ್ವಲ್ಪ ಮುಜುಗರದ ಕೆಲಸವಾಗಿತ್ತು.

ನಾನು ಆರಿಸಿಕೊಂಡದ್ದು ಲಿಂಗದಹಳ್ಳಿಯಿಂದ ಮುಕ್ಕಾಲು ಗಂಟೆ ಸೈಕಲ್ಲು ತುಳಿದರೆ ಸಿಗುವ, ಬೆಟ್ಟದ ಬುಡದ ಒಂದು ಸಣ್ಣ ಊರು. ಜನರ ಮನಸ್ಸು ಹದಮಾಡಲು ಮೊದಲು ಸಿನಿಮಾ ತೋರಿಸಬೇಕೆಂದು ನಿಯಮ. ದೀಪ ಹಚ್ಚುವ ಹೊತ್ತಿಗೆ ಜೀಪು ಬಂತು. ಶಾಲೆಯ ಗೋಡೆಗೆ ಬಿಳಿ ಪಂಚೆ ಬಿಗಿದದ್ದಾಯಿತು. ಇಡೀ ಊರು ಬಂದು ನೆಲದ ಮೇಲೆ ಕೂತಿತು. ನಾನು ಮೈಕು ಹಿಡಿದು, ನಮ್ಮ ಪರಮ ಶತ್ರುವನ್ನು ಈಗ ನೀವೇ ಕಣ್ಣಾರೆ ಕಾಣಲಿದ್ದೀರಿ ಎಂದು ಪೀಠಿಕೆ ಹಾಕಿದೆ.

ಪಂಚೆಯ ಮೇಲೆ ಮೂಡಿದ್ದು ಹಿಮ ಮುಚ್ಚಿದ ಪರ್ವತ. ಅದರ ಕೆಳಗೆ ಬಂಡೆಗಳ ರಾಶಿ. ಬಂಡೆಯ ಮೇಲೆ ಮುಷ್ಟಿಗಾತ್ರದ, ಗುಂಡು ಕಿವಿಯ, ಉಣ್ಣೆಯುಂಡೆಯಂಥ ಒಂದು ಪ್ರಾಣಿ. ಇಂಗ್ಲಿಷಿನಲ್ಲಿ ಯಾರೋ ಬಹಳ ಪ್ರೀತಿಯಿಂದ ಅದರ ವರ್ಣನೆ ಮಾಡುತ್ತಿದ್ದರು. ನಾನು ಪ್ರೊಜೆಕ್ಟರಿನವನ ಕಡೆ ನೋಡಿದೆ. ಅವನು, "ಸಾರ್, ಪೆಟ್ಟಿಗೆ ಮೇಲೆ ಇಲಿ ಅಂತಾನೇ ಚೀಟಿ ಐತೆ. ಒಳಗಿರೋದು ಇದು. ನಾನೇನ್ ಮಾಡ್ಲಿ?" ಎಂದ. ಜನ ಕೂತಾಗಿತ್ತು. ನಿಲ್ಲಿಸಿದರೆ ಕಲ್ಲು ಬೀಳಬಹುದಾಗಿತ್ತು. ನಡೆಯಲಿ ಎಂದೆ.

"ಬಾಲ ಎಲ್ಲಿ ಇದ್ರದ್ದು?" ಎಂದು ಹಿಂದಿನಿಂದ ಯಾರೋ ಕೇಳಿದರು.

"ಆಗ್ಲೇ ಕತ್ತರಿಸಿ ಆಫೀಸಿಗೆ ಕೊಟ್ಟವ್ರೆ ಕಣೋ" ಎಂದು ಇನ್ನೊಬ್ಬರು ಉತ್ತರ ಕೊಟ್ಟರು. ನಾನು ಕೇಳಿಸದವನಂತೆ ಇಂಗ್ಲಿಷಿನ ಕಡೆ ಕಿವಿಕೊಟ್ಟೆ.

ಅದು ಮೊಲದ ದಾಯಾದಿಯಂತೆ. ಆ ಬೆಟ್ಟಗಳಲ್ಲಿ ವರ್ಷದ ಅರ್ಧ ಭಾಗ ಹಿಮ ಬಿದ್ದು ಒಂದು ಎಸಳು ಹಸಿರೂ ಸಿಕ್ಕುವುದಿಲ್ಲವಂತೆ. ಆದ್ದರಿಂದ ಈ ಪ್ರಾಣಿ ಬೇಸಿಗೆಯೆಲ್ಲ ಹುಲ್ಲು ಕೊಯ್ದು, ಬಾಯಿತುಂಬ ಕಚ್ಚಿಕೊಂಡು ಓಡೋಡಿ ಬಂದು, ಬಿಸಿಲಿಗೆ ಹರವಿ, ಒಣಗಿದ ಮೇಲೆ ಬಂಡೆಯ ಸಂದಿನಲ್ಲಿ ಬಣವೆ ಒಟ್ಟುತ್ತದಂತೆ. ನಾನು ಕೇಳಿದಷ್ಟನ್ನು ಕನ್ನಡದಲ್ಲಿ ಹೇಳುತ್ತ ಹೋದೆ, ಕೇಳದ್ದನ್ನು ಸೇರಿಸುತ್ತ ಹೋದೆ. "ನೋಡಿ, ಹಸಿಯದನ್ನು ಒಳಗಿಟ್ಟರೆ ಕೊಳೆಯುತ್ತದೆಂಬ ತಿಳುವಳಿಕೆ ಈ ಮೂಕಪ್ರಾಣಿಗೂ ಇದೆ" ಎಂದು ಮೈಕಿನಲ್ಲಿ ಸಾರಿದ್ದೂ ನಾನೇ. ಈ ವಾಕ್ಯವನ್ನು ಓದುಗರು ದಯವಿಟ್ಟು ನೆನಪಿನಲ್ಲಿಡಬೇಕು, ನಾನು ಇಡಲಿಲ್ಲ.

ಮುಂದಿನ ಸಾಲಿನಲ್ಲಿ ಹಾಲಮ್ಮ ಎಂಬ ಹಿರಿಯ ಹೆಂಗಸು ಕೂತಿದ್ದರು. ಅರವತ್ತೈದರ ಆಸುಪಾಸು, ಹಣೆ ತುಂಬ ವಿಭೂತಿ; ಊರಿನಲ್ಲಿ ಯಾರ ಮನೆಯ ರೊಟ್ಟಿ ಸೀದರೂ ಕಾರಣ ಹೇಳಬಲ್ಲವರು. ಪಕ್ಕದಲ್ಲಿ ಅವರ ಮಗ ಸಿದ್ದಪ್ಪ, ಮೂರು ಮಕ್ಕಳ ತಂದೆ. ಹಾಲಮ್ಮ ಅವನ ಭುಜಕ್ಕೆ ತಿವಿದು, "ಲೇ ಸಿದ್ದ, ನೋಡ್ಕೊಳೋ. ಹೆಂಗೆ ಒಣಗಿಸಿ ಒಟ್ತೈತೆ. ನೀನು ಹೋದ್ವರ್ಷ ಹಸೀ ಹುಲ್ಲು ಒಟ್ಟಿ ಬಣವೆ ಹೊಗೆಯಾಡಿಸ್ದಲ್ಲ!" ಎಂದರು.

"ಅದಕ್ಕೇನವ್ವಾ, ಹಗಲೆಲ್ಲ ಅದೇ ಕೆಲ್ಸ. ನನಗೆ ಎಮ್ಮೆ ಯಾರು ಮೇಯಿಸ್ತಾರೆ?" ಎಂದ ಸಿದ್ದಪ್ಪ.

ಕೊನೆಯಲ್ಲಿ ಹಿಮ ಸುರಿಯಿತು. ಬೆಟ್ಟವೆಲ್ಲ ಸುಣ್ಣ ಬಳಿದಂತಾಯಿತು. ಬಂಡೆಯೊಳಗೆ ಆ ಪ್ರಾಣಿ ತನ್ನ ಬಣವೆಯಿಂದ ಒಂದೊಂದೇ ಎಸಳನ್ನು ಎಳೆದು ಮೆಲ್ಲುತ್ತಿತ್ತು. ಯಾರೋ ಹೆಂಗಸು ಮೂಗು ಒರೆಸಿಕೊಂಡದ್ದು ಕೇಳಿಸಿತು. ಬೆಳಕು ಆರಿದ ಮೇಲೆ ಹಾಲಮ್ಮ ಎದ್ದು ನಿಂತು ಕೇಳಿದರು: "ಅಲ್ಲ ಸೇವಕಪ್ಪ, ಇಷ್ಟು ಕಷ್ಟಪಡೋ ಜೀವಾನ ಯಾಕಪ್ಪಾ ಕೊಲ್ಬೇಕು?"

ನಾನು ಇದು ಬೇರೆ, ಅದು ಬೇರೆ; ಇದು ಹುಲ್ಲು ತಿನ್ನುತ್ತದೆ, ಅದು ರಾಗಿ ತಿನ್ನುತ್ತದೆ ಎಂದೆ. "ನಾನೂ ರಾಗಿನೇ ತಿನ್ನದು" ಎಂದು ಅವರು ಸೆರಗು ಹೊದ್ದು ಮನೆಗೆ ಹೊರಟರು.

ಇಲ್ಲಿ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ಪ್ರಾಣಿಗಳು ಚಳಿಗಾಲಕ್ಕೆಂದು ಆಹಾರ ಕೂಡಿಡುತ್ತವೆ ಎಂದು ಶಾಲೆಯ ಪುಸ್ತಕಗಳಲ್ಲಿ ಓದಿ ನಾವೆಲ್ಲ ಪಾಸಾದೆವು. ನಮ್ಮ ಸೀಮೆಯ ಇಲಿ ಆ ಪುಸ್ತಕ ಓದಿದರೆ ನಗುತ್ತದೆ. ನಮ್ಮಲ್ಲಿ ಚಳಿಗಾಲವೆಂದರೆ ಸುಗ್ಗಿ. ಹೊಲದಲ್ಲಿ ತೆನೆ, ಬೇಲಿಯಲ್ಲಿ ಅವರೆಕಾಯಿ. ಹಸಿದುಕೊಂಡಿರಬೇಕೆಂದು ಹಟ ತೊಟ್ಟವನಿಗೂ ಕಡೂರು, ತರೀಕೆರೆ ಸೀಮೆಯಲ್ಲಿ ಮಾರ್ಗಶಿರ ಮಾಸದಲ್ಲಿ ಅದು ಸಾಧ್ಯವಿಲ್ಲ. ನಮ್ಮ ಹಿಮ ಬೀಳುವುದು ಜ್ಯೇಷ್ಠ ಆಷಾಢದಲ್ಲಿ. ಆಗ ಕಣಜದ ತಳ ಕಾಣುತ್ತದೆ, ಹೊಲದಲ್ಲಿ ಬರೀ ಮಣ್ಣು, ಬಿತ್ತಿದ್ದು ಇನ್ನೂ ನೆಲದೊಳಗೆ. ಇಲಿಯೂ ರೈತನೂ ಚಳಿಗಾಲದಲ್ಲಿ ಕೂಡಿಟ್ಟು ಆ ಎರಡು ತಿಂಗಳನ್ನು ದಾಟುವವರೇ. ಕಡೂರಿನ ಹತ್ತಿರ ನನ್ನ ತಾಯಿಯ ತವರುಮನೆಯ ಮುಂದೆ ಹಗೇವು ಇತ್ತು. ನೆಲದೊಳಗೆ ಗುಡಾಣದ ಆಕಾರದಲ್ಲಿ ತೋಡಿದ ಗುಂಡಿ. ಒಬ್ಬ ಮನುಷ್ಯ ಇಳಿಯುವಷ್ಟು ಬಾಯಿ, ಇಡೀ ಸಂಸಾರ ಹಿಡಿಸುವಷ್ಟು ಹೊಟ್ಟೆ. ಒಣಗಿದ ರಾಗಿ ತುಂಬಿ, ಬಾಯಿಗೆ ಚಪ್ಪಡಿಯಿಟ್ಟು ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ಇಲಿಯ ಬಿಲ ನೋಡಿ ಮನುಷ್ಯ ಹಗೇವು ಕಲಿತನೋ, ಹಗೇವು ನೋಡಿ ಇಲಿ ಬಿಲ ಕಲಿತಿತೋ ನಾನು ತೀರ್ಮಾನ ಹೇಳಲಾರೆ. ಮೊದಲು ಕಲಿತವರು ಯಾರೆಂಬುದರ ಬಗ್ಗೆ ನನಗೆ ಅನುಮಾನವೇನೂ ಇಲ್ಲ. ಹೇಳಿಕೊಳ್ಳಲು ನಾಚಿಕೆ, ಅಷ್ಟೆ.

ಈಗ ಯುದ್ಧಕ್ಕೆ ಬರೋಣ. ಇಲಿ ಬುದ್ಧಿವಂತ, ಹೊಸ ತಿಂಡಿಯನ್ನು ತಟ್ಟನೆ ತಿನ್ನುವುದಿಲ್ಲ. ಆದ್ದರಿಂದ ಕೈಪಿಡಿಯ ಪ್ರಕಾರ ಮೊದಲ ಎರಡು ದಿನ ಬಿಲದ ಬಾಯಿಯಲ್ಲಿ ಜೋಳದ ನುಚ್ಚಿಗೆ ಕಡಲೆಕಾಯಿ ಎಣ್ಣೆ ಕಲಸಿ ಬರಿದೇ ಇಡಬೇಕು. ಮೂರನೆಯ ದಿನ ಅದಕ್ಕೆ ಪಾಷಾಣದ ಪುಡಿ ಬೆರೆಸಬೇಕು. ಹಾಲಮ್ಮನ ಮೇಲ್ಹೊಲ ಬೆಟ್ಟಕ್ಕೆ ಅಂಟಿಕೊಂಡ ಒಂದು ಕಲ್ಲುಪಟ್ಟಿ. ಅದರ ತಲೆಯ ಮೇಲೆಯೇ ಬಂಡೆಗಳು. ಬಂಡೆಗಳ ಸಂದಿನಲ್ಲಿ ಬೆಟ್ಟದ ಸಣ್ಣ ಇಲಿಗಳ ಬಿಲಗಳು. ಎರಡು ದಿನ ನಾನು ಮತ್ತು ಸಿದ್ದಪ್ಪ ಬಿಲಬಿಲಕ್ಕೂ ಹೋಗಿ, ಬೀಗರಿಗೆ ಬಡಿಸುವಂತೆ ಬಡಿಸಿದೆವು. ಹಾಲಮ್ಮ ಕಳೆ ಕೀಳುತ್ತ ನೋಡುತ್ತಿದ್ದರು. ಎರಡನೆಯ ದಿನ ಸಂಜೆ ಬಂದು ಕೇಳಿದರು.

"ಪುಡಿ ಎಲ್ಲಪ್ಪಾ? ಬರೀ ಊಟನೇ ಹಾಕ್ತಿದೀಯ?"

"ನಾಳೆ ಹಾಕ್ತೀವಿ ಹಾಲಮ್ಮನವರೇ. ಮೊದಲು ಎರಡು ದಿನ ಅವಕ್ಕೆ ನಂಬಿಕೆ ಬರಬೇಕು."

ಅವರು ಕೈಯಲ್ಲಿದ್ದ ಕಳೆಯನ್ನು ಕೆಳಗೆ ಹಾಕಿದರು. "ನಂಬಿಸಿ ಕೊಲ್ಲೋದಾ? ನಿಮ್ಮವ್ವ ಇದನ್ನೇನಪ್ಪಾ ಕಲ್ಸಿದ್ದು? ಹೊಡಿಯೋದಾದ್ರೆ ದೊಣ್ಣೆ ತಗಂಡು ಹೊಡಿ, ಬ್ಯಾಡ ಅನ್ನಲ್ಲ. ನನ್ನ ಕಣಜಕ್ಕೆ ಬಂದ್ರೆ ನಾನೂ ಹೊಡೀತೀನಿ. ಅನ್ನ ಇಕ್ಕಿದ ಕೈಲಿ ವಿಷ ಇಕ್ಕಬಾರ್ದು ಕಣಪ್ಪಾ. ನನ್ನ ಹೊಲಕ್ಕೆ ನಾಳೆ ಬರಬ್ಯಾಡ."

ಕೈಪಿಡಿಯನ್ನು ಚೀಲಕ್ಕೆ ಹಾಕಿಕೊಂಡು ಬೆಟ್ಟ ಇಳಿದೆ. ಮೂರನೆಯ ದಿನ ನಾನು ಆ ಹೊಲಕ್ಕೆ ಹೋಗಲಿಲ್ಲ. ವರದಿಯಲ್ಲಿ ಮಾತ್ರ 'ಮೇಲ್ಹೊಲಗಳು: ಪೂರ್ಣ' ಎಂದು ಬರೆದೆ. ಎರಡು ದಿನದ ಔತಣ ಪೂರ್ಣವಾಗಿಯೇ ಆಗಿತ್ತಾದ್ದರಿಂದ ಇದನ್ನು ಸುಳ್ಳೆಂದು ಹೇಳಲು ಬರುವುದಿಲ್ಲ. ಬಾಲಗಳ ವಿಷಯದಲ್ಲಿ ಸಿದ್ದಪ್ಪನ ಮನೆಯ ಬೆಕ್ಕು ಇಲಾಖೆಗೆ ಸಹಕರಿಸಿತು.

ಹಾಲಮ್ಮನಿಗೆ ಈ ವಿಷಯ ತಿಳಿಯಿತು. "ಸೇವಕಪ್ಪ ಪರವಾಗಿಲ್ಲ, ಮಾತು ಕೇಳ್ತಾನೆ" ಎಂದು ಊರಿಗೆಲ್ಲ ಹೇಳಿದರು. ಅಂದಿನಿಂದ ನಾನು ಹೋದಾಗಲೆಲ್ಲ ಮಜ್ಜಿಗೆ ಬರುತ್ತಿತ್ತು, ಒಳ್ಳೆಯ ಗಟ್ಟಿ ಮಜ್ಜಿಗೆ. ಅನರ್ಥಕ್ಕೆ ಮೂಲ ಆ ಮಜ್ಜಿಗೆಯೇ.

ಆ ಮೇಲ್ಹೊಲದಲ್ಲಿ ಅವರು ಬೆಳೆಯುತ್ತಿದ್ದುದು ಆ ಹೊತ್ತಿಗೆ ಬೇರೆಲ್ಲೂ ಕಾಣದಾಗಿದ್ದ ಒಂದು ಗಿಡ್ಡ ರಾಗಿ. ಮದುವೆಯಾಗಿ ಬರುವಾಗ ಮಡಿಲಲ್ಲಿ ತವರಿನಿಂದ ತಂದ ಬೀಜವಂತೆ. ಇಳುವರಿ ಕಡಿಮೆ, ಹುಲ್ಲು ಮೊಣಕಾಲುದ್ದ. ಆದರೆ ಗೇಣುದ್ದ ಮಣ್ಣಿಲ್ಲದ ಆ ಕಲ್ಲುನೆಲದಲ್ಲಿ ಬರುವುದು ಅದೊಂದೇ; ಮತ್ತು ಬೇಗ ಬರುತ್ತಿತ್ತು. ಊರವರ ಕಣಜ ಬರಿದಾಗಿ, ಹೊಸ ಬೆಳೆ ಇನ್ನೂ ಹಾಲುದುಂಬುವ ಹೊತ್ತಿಗೆ ಹಾಲಮ್ಮನ ಮನೆಯಲ್ಲಿ ಹೊಸ ರಾಗಿಯ ಮುದ್ದೆ. ಕೊರತೆಯಾದವರು ಆ ತಿಂಗಳು ಮೊರ ಹಿಡಿದು ಅವರ ಬಾಗಿಲಿಗೆ ಬರುತ್ತಿದ್ದರು. ಯಾರೂ ಬರಿಮೊರ ಹಿಡಿದು ಹಿಂದಿರುಗಿದ್ದಿಲ್ಲ. ಮಿಕ್ಕವರಿಗೆಲ್ಲ ನಾನು ಇಲಾಖೆಯ ಹೊಸ ತಳಿ ಕೊಡಿಸಿ, ಗಿಡ್ಡ ರಾಗಿಯನ್ನು ಬಿಡಿಸಿದ್ದೆ. ಉಳಿದಿದ್ದದ್ದು ಹಾಲಮ್ಮನದೊಂದೇ.

ಬೀಜದ ರಾಗಿಯನ್ನು ಅವರು ಮಡಕೆಯಲ್ಲಿ ಬೂದಿ ಬೆರೆಸಿ, ಹುಳ ಬೀಳದಂತೆ ಲಕ್ಕಿಸೊಪ್ಪು ಹಾಕಿ ಇಡುತ್ತಿದ್ದರು. ಆ ವರ್ಷ ನನ್ನ ಸೈಕಲ್ಲಿಗೆ ಬಂದ ಹೊಸ ಹೊಳಹು, ತಗಡಿನ ಪೀಪಾಯಿ. ಇಲಿ ಕಡಿಯುವುದಿಲ್ಲ, ಹುಳ ನುಗ್ಗುವುದಿಲ್ಲ, ಗಾಳಿ ಆಡುವುದಿಲ್ಲ. ದೀಪಾವಳಿ ಮುಗಿದ ವಾರ ಸಾಹೇಬರು ಬಂದು ಅದನ್ನು ನೋಡುವುದಿತ್ತು. ನೋಡಲು ತುಂಬಿದ ಪೀಪಾಯಿ ಒಂದಾದರೂ ಬೇಕಿತ್ತು. ಆ ವಾರ ಪೂರ್ತಿ ಮೋಡ, ಎಳೆಎಳೆ ಹನಿ. ಹಾಲಮ್ಮ ರಾಗಿಯನ್ನು ಅಂಗೈಯಲ್ಲಿ ಉಜ್ಜಿ, ಒಂದು ಚಿಟಿಕೆ ಬಾಯಿಗೆ ಹಾಕಿ ಕಡಿದು ನೋಡಿದರು.

"ಇನ್ನೂ ಎರಡು ಬಿಸಿಲು ಬೇಕು ಕಣಪ್ಪಾ."

"ಇದು ತಗಡಿನದು ಹಾಲಮ್ಮನವರೇ. ಏನೂ ಆಗಲ್ಲ. ನಾನಿದೀನಲ್ಲ."

ಅವರು ನನ್ನ ಮುಖವನ್ನೇ ನೋಡಿದರು. "ನೀನು ನನ್ನ ಮಾತು ಕೇಳ್ದೆ. ನಿನ್ನ ಮಾತು ನಾನು ಹೆಂಗಪ್ಪಾ ತೆಗೆದ್ಹಾಕ್ಲಿ? ತುಂಬು" ಎಂದರು. ಬೀಜದ ರಾಗಿಯಷ್ಟೂ ಪೀಪಾಯಿಗೆ ಬಿತ್ತು. ಮುಚ್ಚಳಕ್ಕೆ ಮೇಣ ಮೆತ್ತಿದೆ. ಸಾಹೇಬರು ಬಂದರು, ಪೀಪಾಯಿಯನ್ನು ತಟ್ಟಿ ಶಬ್ದ ಕೇಳಿದರು, ಫೋಟೋ ತೆಗೆಸಿಕೊಂಡರು. ಆ ಫೋಟೋದಲ್ಲಿ ನಾನು ಮದುಮಗನಂತೆ ನಿಂತಿದ್ದೇನೆ.

ಜ್ಯೇಷ್ಠದಲ್ಲಿ ಮೊದಲ ಹದಮಳೆ ಬಿದ್ದ ಮಾರನೆಯ ದಿನ ಮೇಣ ಬಿಡಿಸಿ ಮುಚ್ಚಳ ತೆಗೆದೆವು. ಮೊದಲು ಬಂದದ್ದು ವಾಸನೆ. ಆಮೇಲೆ ಕೈಗೆ ಸಿಕ್ಕಿದ್ದು ರಾಗಿಯಲ್ಲ, ಬೂಷ್ಟು ಹಿಡಿದ ಹೆಂಟೆಗಳು. ಸಿದ್ದಪ್ಪ ತಳದಿಂದ ಒಂದು ಹಿಡಿ ತೆಗೆದು ಒದ್ದೆ ಬಟ್ಟೆಯಲ್ಲಿ ಕಟ್ಟಿ ಇಟ್ಟ. ಮೂರು ದಿನ ಕಾದೆವು. ಒಂದು ಕಾಳೂ ಮೊಳಕೆ ಒಡೆಯಲಿಲ್ಲ.

ಹಾಲಮ್ಮ ಬೈಯಲಿಲ್ಲ. ಬೈದಿದ್ದರೆ ನಾನು ಕೈಪಿಡಿಯ ಮೇಲೆ ಹೇಳಿ ಬದುಕಿಕೊಳ್ಳುತ್ತಿದ್ದೆ. ಅವರು ಒಳಗೆ ಹೋಗಿ ಮಜ್ಜಿಗೆ ತಂದುಕೊಟ್ಟರು. ಆ ಲೋಟ ಕೈಯಲ್ಲಿ ಹಿಡಿದಾಗ ನನಗೆ ಹೊಳೆಯಿತು: ನಾನು ಈ ಹೆಂಗಸಿಗೆ ಮಾಡಿದ್ದು ಕೈಪಿಡಿಯ ವಿಧಾನವನ್ನೇ. ಮೊದಲು ನಂಬಿಕೆ ಬರಿಸಿದೆ. ಆಮೇಲೆ ಮೂರನೆಯ ದಿನ ಬಂತು.

ನಾಲ್ಕು ದಿನ ನಾನು ಬೀಜ ಹುಡುಕಿದೆ. ಕಡೂರಿನ ಸಂತೆ, ತರೀಕೆರೆಯ ಅಂಗಡಿಬೀದಿ, ಸಖರಾಯಪಟ್ಟಣದ ನನ್ನ ಹಳೆಯ ಪರಿಚಯದ ರೈತರು, ಕೊನೆಗೆ ಬಸ್ಸು ಹತ್ತಿ ಅಜ್ಜಂಪುರ. ಎಲ್ಲ ಕಡೆಯೂ ಒಂದೇ ಮಾತು: "ಆ ಗಿಡ್ಡ ರಾಗಿನಾ? ಈಗ ಯಾರ್ ಬೆಳೀತಾರೆ ಸ್ವಾಮಿ? ಬ್ಯಾಡ ಅಂತ ನೀವೇ ಹೇಳಿದ್ರಲ್ಲ!" ಸಖರಾಯಪಟ್ಟಣದಲ್ಲಂತೂ ನಾನು ಹೇಳಿದ ದಿನ, ನಿಂತಿದ್ದ ಜಾಗ, ಹಾಕಿದ್ದ ಕೋಟು ಸಮೇತ ನೆನಪಿಸಿದರು. ನನ್ನ ಪ್ರಚಾರ ಇಷ್ಟು ಯಶಸ್ವಿಯಾಗಿರುವುದು ನನಗೆ ಅಂದೇ ತಿಳಿದದ್ದು.

ಐದನೆಯ ದಿನ ಬರಿಗೈಯಲ್ಲಿ ಹಾಲಮ್ಮನ ಜಗಲಿಗೆ ಬಂದು ಕೂತೆ. ಹದ ಇನ್ನು ಎರಡೋ ಮೂರೋ ದಿನ. ಆಮೇಲೆ ಬಿತ್ತಿದರೆ ಆ ಕಲ್ಲುನೆಲದಲ್ಲಿ ತೆನೆಯಾಗುವುದಿಲ್ಲ. ಒಂದು ವರ್ಷ ಹೊಲ ಬೀಳು ಬಿದ್ದರೆ ಬೀಳಲಿ. ಬೀಜವೇ ಹೋಯಿತಲ್ಲ, ಅದು ಯಾವ ವರ್ಷವೂ ಬರುವಂತಿರಲಿಲ್ಲ. ಸಿದ್ದಪ್ಪ ಕಂಬಕ್ಕೆ ಒರಗಿ ಕೂತಿದ್ದ. ಹಾಲಮ್ಮ ಬೆಟ್ಟದ ಕಡೆ ನೋಡುತ್ತಿದ್ದರು. ಅಲ್ಲಿಂದ ಕಣ್ಣು ತೆಗೆಯದೆ ಕೇಳಿದರು.

"ಸೇವಕಪ್ಪ, ಆ ಸಿನಿಮಾದಾಗೆ ಅದು ಹುಲ್ಲು ಎಲ್ಲಿ ಇಟ್ಟಿತ್ತು?"

"ಬಂಡೆ ಸಂದೀಲಿ."

"ಹೂಂ. ಹೋದ್ವರ್ಷ ಮೇಲ್ಹೊಲದಾಗೆ ಎರಡು ಸಾಲು ತೆನೆ ಅವೇ ಕೂದ್ಕಂಡು ಹೋದ್ವಲ್ಲೋ ಸಿದ್ದ. ಅಷ್ಟನ್ನೂ ತಿಂದವಾ?"

ಸಿದ್ದಪ್ಪ ಮೆಲ್ಲಗೆ ಎದ್ದ. "ಅವ್ವಾ, ಇಲಿ ತಾವ ಬೀಜ ಕೇಳೋಕೆ ಹೋಗ್ತಿದೀಯಾ?"

"ಇರೋರ ತಾವ ತಾನೇ ಕೇಳದು. ಹಾರೆ ತಗಳೋ."

ಬೆಟ್ಟ ಹತ್ತುವಾಗ ಹಾಲಮ್ಮ ಕಂಕುಳಲ್ಲಿ ಒಂದು ಸಣ್ಣ ಗಂಟು ಇಟ್ಟುಕೊಂಡಿದ್ದರು. ಬುತ್ತಿ ಇರಬೇಕೆಂದುಕೊಂಡೆ. ಸಿದ್ದಪ್ಪ ದಾರಿಯುದ್ದಕ್ಕೂ, "ಬೆಟ್ಟ ಅಗೆದು ಇಲಿ ಹಿಡಿದ್ರು ಅಂತಾರಲ್ಲ ಸ್ವಾಮಿ, ಅದು ನಾವೇ ಇರ್ಬೇಕು" ಎನ್ನುತ್ತ ಬಂದ. ನಗುವ ಸ್ಥಿತಿಯಲ್ಲಿ ನಾನಿರಲಿಲ್ಲ. ನಾವು ಹಿಂದಿನ ವರ್ಷ ಎರಡು ದಿನ ಔತಣ ಬಡಿಸಿದ ಬಿಲಗಳು ನನಗೆ ಒಂದೊಂದೂ ಗೊತ್ತಿದ್ದವು. ಮೂರನೆಯ ದಿನ ನಾನು ಬಂದಿದ್ದರೆ ಇವತ್ತು ಹಾರೆ ಹಾಕಲು ಜಾಗವೇ ಇರುತ್ತಿರಲಿಲ್ಲ, ಹಾಕಿದರೂ ಸಿಕ್ಕಿದ್ದನ್ನು ಮುಟ್ಟುವಂತಿರಲಿಲ್ಲ ಎಂದು ಯೋಚಿಸುತ್ತ ಹತ್ತಿದೆ.

ಮೊದಲಿನ ಎರಡು ಬಿಲ ಬರಿದಾಗಿದ್ದವು. ಸಿಪ್ಪೆ, ಹೊಟ್ಟು, ಒಂದಿಷ್ಟು ಬಿದಿರಕ್ಕಿ. ಮೂರನೆಯದು ದೊಡ್ಡ ಬಂಡೆಯ ಅಡಿಯಲ್ಲಿತ್ತು. ಸಿದ್ದಪ್ಪ ಹಾರೆಯಲ್ಲಿ ಒಂದು ಚಪ್ಪಡಿಯನ್ನು ಮೆಲ್ಲಗೆ ಮೀಟಿದ. ಒಳಗೆ ಮೊರದಗಲದ ಒಂದು ಗೂಡು. ವಾರದ ಹಿಂದಷ್ಟೇ ಹದಮಳೆ ಸುರಿದಿದ್ದರೂ ಅದರ ಮಣ್ಣು ಹಿಟ್ಟಿನಂತೆ ಒಣಗಿತ್ತು. ಒಂದು ಮೂಲೆಯಲ್ಲಿ ರಾಗಿ ತೆನೆ! ತೊಟ್ಟುಗಳೆಲ್ಲ ಒಂದೇ ಕಡೆಗೆ, ತಲೆಗಳೆಲ್ಲ ಇನ್ನೊಂದು ಕಡೆಗೆ, ಒಂದರ ಮೇಲೊಂದು ಜೋಡಿಸಿಟ್ಟಿತ್ತು. ಸರ್ಕಾರಿ ಗೋದಾಮಿನಲ್ಲಿ ನಾನು ಅಂಥ ಅಚ್ಚುಕಟ್ಟನ್ನು ಕಂಡಿಲ್ಲ. ಎರಡು ಪಾಲು ಮುಗಿದಿತ್ತು. ಒಂದು ಪಾಲು ಆಷಾಢಕ್ಕೆಂದು ಉಳಿದಿತ್ತು. ಹಾಲಮ್ಮ ಒಂದು ತೆನೆ ಎತ್ತಿ ಅಂಗೈಯಲ್ಲಿ ಉಜ್ಜಿ, ಊದಿ, ಒಂದು ಚಿಟಿಕೆ ಕಡಿದು ನೋಡಿದರು. ಟಕ್ ಎಂದು ಸದ್ದಾಯಿತು.

"ನಮ್ದೇ. ಎಷ್ಟು ಚೆಂದಾಗಿ ಒಣಗ್ಸೈತೆ ನೋಡು" ಎಂದರು. ನನ್ನ ಕಡೆ ನೋಡದೆ ಹೇಳಿದರು. ಅದು ಅವರ ದೊಡ್ಡತನ.

ಅಷ್ಟರಲ್ಲಿ ಬಂಡೆಯ ಮೇಲೆ ಇಲಿ ಬಂದು ಕೂತಿತು. ಓಡಲಿಲ್ಲ. ಮೀಸೆ ಅಲುಗಿಸುತ್ತ ನಮ್ಮ ಮೂವರನ್ನೂ ನೋಡಿತು. ನನ್ನನ್ನೇ ಸ್ವಲ್ಪ ಹೆಚ್ಚು ಹೊತ್ತು ನೋಡಿದಂತೆ ನನಗೆ ಅನ್ನಿಸಿತು. ಎರಡು ದಿನ ಬಡಿಸಿದ ಪರಿಚಯ ಇದ್ದೇ ಇತ್ತಲ್ಲ. ಹಿಮಪರ್ವತದ ಆ ಬಾಲವಿಲ್ಲದ ನೆಂಟನಿಗೂ ಇದಕ್ಕೂ ಏನೂ ವ್ಯತ್ಯಾಸ ಕಾಣಲಿಲ್ಲ. ಇದರ ಬೆಟ್ಟದಲ್ಲೂ ಈಗ ಜ್ಯೇಷ್ಠದ ಹಿಮ ಬೀಳುತ್ತಿತ್ತು. ಇದರ ಬಣವೆಗೆ ನಾವು ಕೈ ಹಾಕಿದ್ದೆವು.

ಸಿದ್ದಪ್ಪ ತೆನೆಗಳನ್ನೆಲ್ಲ ಗೋರಲು ಹೋದ. ಹಾಲಮ್ಮ ಅವನ ಕೈಗೆ ಹೊಡೆದರು. "ಒಟ್ಲುಪಾತಿಗೆ ಆಗೋಷ್ಟು ಸಾಕು." ಒಟ್ಲುಪಾತಿಯೆಂದರೆ ಪೈರು ಎಬ್ಬಿಸುವ ಮಡಿ, ಅದರಿಂದ ಕಿತ್ತು ನೆಟ್ಟರೆ ಕಡಿಮೆ ಬೀಜದಲ್ಲೇ ಹೊಲದ ಒಂದು ತುಂಡಾದರೂ ಆಗುತ್ತದೆ. ಒಂದು ಬೊಗಸೆ ಕಾಳಾಗುವಷ್ಟು ತೆನೆಯನ್ನು ಅವರು ಆರಿಸಿ ಮಡಿಲಿಗೆ ಹಾಕಿಕೊಂಡರು. ಆಮೇಲೆ ಕಂಕುಳ ಗಂಟನ್ನು ಬಿಚ್ಚಿದರು. ಅದರಲ್ಲಿ ಬುತ್ತಿ ಇರಲಿಲ್ಲ. ಕೆಳಹೊಲದ ರಾಗಿ, ಇಲಾಖೆಯ ಹೊಸ ತಳಿ. ಅದನ್ನು ಬೊಗಸೆಯಲ್ಲಿ ಮೊಗೆದು ಗೂಡಿನ ಬರಿದಾದ ಮೂಲೆಗೆ ಸುರಿದರು. ಒಂದು ಬೊಗಸೆ. ಅದರ ಮೇಲೆ ಇನ್ನೂ ಅರ್ಧ.

"ಅವ್ವಾ, ಇದೇನು ಮತ್ತೆ?" ಎಂದ ಸಿದ್ದಪ್ಪ.

"ಏನಂದ್ರೆ? ಬೀಜ ಇಸ್ಕಂಡ್ರೆ ಒಂದಕ್ಕೆ ಒಂದೂವರೆ ಹಿಂದಕ್ಕೆ ಕೊಡೋದು ತಾನೇ ಕ್ರಮ? ಊರೋರಿಗೊಂದು, ಇದಕ್ಕೊಂದಾ? ಬೆಳೆ ಬಂದ ಮೇಲೆ ಕೊಡಾನ ಅಂದ್ರೆ ಅಲ್ಲಿಗಂಟ ಇದು ಉಪಾಸ ಇರ್ಬೇಕಾಗ್ತದೆ. ಅದಕ್ಕೇ ಮೊದ್ಲೇ ತಂದೆ."

ಬೀಜ ಇಸಿದುಕೊಂಡವರು ಒಂದೂವರೆ ಪಾಲು ಹಿಂದಿರುಗಿಸುವುದು ಆ ಕಡೆಯ ರೈತರಲ್ಲಿ ಎಲ್ಲರೂ ನಡೆಸಿಕೊಂಡು ಬಂದ ಪದ್ಧತಿ. ನನಗೂ ಗೊತ್ತಿತ್ತು. ಅದು ಬಂಡೆಯ ಕೆಳಗೂ ನಡೆಯುತ್ತದೆ ಎಂಬುದು ಗೊತ್ತಿರಲಿಲ್ಲ. ಹಾಲಮ್ಮ ಚಪ್ಪಡಿಯನ್ನು ಮೊದಲಿದ್ದ ಹಾಗೆಯೇ ಕೂರಿಸಿ, ಸಂದಿಗೆ ಮಣ್ಣು ಮೆತ್ತಿ, "ಬತ್ತೀವಪ್ಪಾ" ಎಂದು ಇಲಿಗೆ ಹೇಳಿ ಕೆಳಗಿಳಿದರು. ಬೆಟ್ಟ ಅಗೆದು ಇಲಿಯನ್ನು ಹಿಡಿಯದೆ ಬಂದವರು ನಾವು ಮೂವರೇ ಇರಬೇಕು.

ಒಟ್ಲು ಹಾಕಿದ ನಾಲ್ಕನೆಯ ದಿನ ಬೆಳಗ್ಗೆ ಸೈಕಲ್ಲು ತುಳಿದು ಹೋದೆ. ಹಾಲಮ್ಮ ಪಾತಿಯ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಿದ್ದರು. ಬೆರಳು ತೋರಿಸಿದರು. ಸೂಜಿಮೊನೆಯಂಥ ಹಸಿರು, ಪಾತಿಯ ತುಂಬ. ನಾನು ಕನ್ನಡಕ ತೆಗೆದು ಒರೆಸಿಕೊಂಡೆ. ಅದರ ಮೇಲೆ ಧೂಳಿತ್ತು ಎಂದು ಬರೆದುಕೊಳ್ಳಬೇಕಾಗಿ ಪ್ರಾರ್ಥನೆ. ಆ ವರ್ಷ ಮೇಲ್ಹೊಲದ ಕಾಲುಭಾಗಕ್ಕೆ ಸಾಲುವಷ್ಟು ಪೈರು ಸಿಕ್ಕಿತು. ಬಂದ ಬೆಳೆಯಲ್ಲಿ ಒಂದು ಕಾಳನ್ನೂ ಬೀಸದೆ ಬೀಜಕ್ಕೆ ಇಟ್ಟರು. ಅದರ ಮುಂದಿನ ವರ್ಷ ಮೊರ ಹಿಡಿದು ಬಂದವರಿಗೆ ಮತ್ತೆ ರಾಗಿ ಸಿಕ್ಕಿತು. ಬೀಜವನ್ನು ಎಲ್ಲಿ ಇಟ್ಟರು ಎಂದು ನಾನು ಕೇಳಲಿಲ್ಲ. ಪೀಪಾಯಿಯಲ್ಲಿ ಸಿದ್ದಪ್ಪನ ಹೆಂಡತಿ ಬಿಸಿನೀರು ಕಾಯಿಸುವ ಸೌದೆ ತುಂಬಿದ್ದಳು.

ನಮ್ಮ ನಮೂನೆಯಲ್ಲಿ 'ಬಿತ್ತನೆ ಬೀಜವನ್ನು ಯಾರಿಂದ ಪಡೆಯಲಾಯಿತು?' ಎಂಬ ಅಂಕಣವೊಂದಿತ್ತು. ಬಹಳ ಯೋಚಿಸಿ, 'ಸ್ಥಳೀಯ ಪ್ರಗತಿಪರ ರೈತರೊಬ್ಬರಿಂದ' ಎಂದು ತುಂಬಿದೆ. ನನ್ನ ಇಡೀ ನೌಕರಿಯಲ್ಲಿ ಅಷ್ಟು ಪ್ರಾಮಾಣಿಕವಾಗಿ ತುಂಬಿದ ಅಂಕಣ ಇನ್ನೊಂದಿಲ್ಲ. ಸಾಹೇಬರು ಆ ರೈತರನ್ನು ಸನ್ಮಾನಕ್ಕೆ ಕರೆತರಬೇಕೆಂದು ಷರಾ ಬರೆದು ಕಳಿಸಿದರು. ಅವರು ಸಭೆಗಳಿಗೆ ಬರುವ ಸ್ವಭಾವದವರಲ್ಲ ಎಂದು ತಿಳಿಸಿದೆ.

ನಾನು ವರ್ಗವಾಗಿ ಹೊರಟ ದಿನ ಹಾಲಮ್ಮ ಗಿಡ್ಡ ರಾಗಿಯ ತೆನೆಗಳ ಒಂದು ಗೊಂಚಲು ಕಟ್ಟಿಕೊಟ್ಟರು. ಅದು ಅಲ್ಲಿಂದ ನನ್ನ ಜೊತೆ ಊರೂರು ತಿರುಗಿ, ನಿವೃತ್ತಿಯಾದ ಮೇಲೆ ಕಡೂರಿನ ಅಟ್ಟಕ್ಕೆ ಬಂದು, ಮುಚ್ಚಳಗಳ ಪಕ್ಕದಲ್ಲಿ ತೂಗುತ್ತಿತ್ತು. ಮೊನ್ನೆ ಶಾರದೆ ಅಟ್ಟದಿಂದ ಕೂಗಿದಳು.

"ಏನೂಂದ್ರೇ, ನಿಮ್ಮ ರಾಗಿ ತೆನೆ ಇಲಿ ಹೊತ್ಕೊಂಡೋಯ್ತು! ದಾರ ಮಾತ್ರ ನೇತಾಡ್ತಿದೆ. ಇವತ್ತೇ ಹೋಗಿ ಬೋನು ತನ್ನಿ."

ನಾನು ಏಣಿ ಹತ್ತಿ ಆ ದಾರವನ್ನು ನೋಡಿದೆ. ಮನಸ್ಸು ಹಗುರವಾಯಿತು. ಇಷ್ಟು ವರ್ಷ ಆ ಬೀಜ ನನ್ನ ಸುಪರ್ದಿನಲ್ಲಿತ್ತು. ಅದು ಚಿಂತೆಯ ವಿಷಯವಾಗಿತ್ತು. ಈಗ ತಿಳಿದವರ ಕೈ ಸೇರಿದೆ. ಆದರೂ ಹೆಂಡತಿಯ ಮಾತು ಮೀರಬಾರದೆಂದು ಚೀಲ ಹಿಡಿದು ಪೇಟೆಗೆ ಹೋದೆ. ಬೋನು ಮಾರುವ ಅಂಗಡಿಯ ಮುಂದೆ ಹಾದು, ಎರಡು ಅಂಗಡಿ ದಾಟಿ, ಒಂದು ಸೇರು ರಾಗಿ ತಂದೆ. ಅಟ್ಟದ ಮೂಲೆಯಲ್ಲಿ ಒಂದು ಡಬ್ಬದಲ್ಲಿ ಒಂದೂವರೆ ಬೊಗಸೆ ಇಟ್ಟಿದ್ದೇನೆ; ಮುಚ್ಚಳ ಕಳೆದುಕೊಂಡ ಡಬ್ಬ ಕೊನೆಗೂ ಉಪಯೋಗಕ್ಕೆ ಬಂತು. ಶಾರದೆಗೆ ಗೊತ್ತಿಲ್ಲ. ಎರಡು ದಿನ ತಾರಸಿಯ ಮೇಲೆ ಏನು ಹರವಿಕೊಂಡು ಕಾಯುತ್ತ ಕೂತಿದ್ದಿರಿ ಎಂದು ಮಾತ್ರ ಕೇಳಿದಳು.

ಬಿಸಿಲು ಕಾಯುತ್ತಿದ್ದೆ ಎಂದೆ.